ಕೆಸರೆಯಲ್ಲಿ ಬಿಸಿಯಾಗದ ಟ್ಯಾಕ್ಸಿ

ಮಾಗಿಯ ಬೆಳಗು. ಕೆಸರೆಯಲ್ಲಿ ನಾನು ತಂಗಿದ್ದ ಮನೆಯ ಮಗಳು ಬಾಣಂತನ ಮುಗಿಸಿ, ಐದು ತಿಂಗಳ ಕೂಸಿನೊಂದಿಗೆ ಗಂಡನ ಮನೆಗೆ ಹೊರಟಿದ್ದಳು. ಅವರು ಗೊತ್ತುಮಾಡಿದ್ದ ಹಳೆಯ ಡೀಸೆಲ್ ಟ್ಯಾಕ್ಸಿಯಲ್ಲಿ ನನಗೂ ಹುಣಸೂರಿನವರೆಗೆ ಜಾಗ ಕೊಟ್ಟಿದ್ದರು. ರಾಹುಕಾಲಕ್ಕೆ ಮುಂಚೆ ಹೊರಡಬೇಕೆಂದು ಅಳಿಯ ಅವಸರಪಡಿಸುತ್ತಿದ್ದರು.

ಎಂಜಿನ್ ಬಹಳ ಹೊತ್ತು ಕೆಮ್ಮಿ, ಹೊಗೆ ಬಿಟ್ಟು, ಕೊನೆಗೂ ಹತ್ತಿಕೊಂಡಿತು.

"ಚಳೀಲಿ ಡೀಸೆಲ್ ಗಾಡಿ ತಕ್ಷಣ ಎಳೆಯಲ್ಲ ಕಣ್ರೀ. ವಸಿ ಬಿಸಿಯಾಗ್ಲಿ," ಎಂದ ಡ್ರೈವರ್ ರಾಜಣ್ಣ.

ಮಗಳು ಒಳಗೆ ಕೂತಳು. ಕೂಸು ಇನ್ನೂ ಅಜ್ಜಿಯ ತೋಳಿನಲ್ಲೇ ಇತ್ತು. ಆಕೆ ಅದರ ಕುಲಾವಿಯ ದಾರವನ್ನು ಬಿಚ್ಚುತ್ತಿದ್ದರು, ಮತ್ತೆ ಕಟ್ಟುತ್ತಿದ್ದರು.

ಎಂಜಿನ್ನಿನ ಸದ್ದು ಹದಕ್ಕೆ ಬಂದಾಗ ರಾಜಣ್ಣ ಕೇಳಿದ: "ಹೊರಡಾಣ್ವಾ ಅಮ್ಮಾ?"

ಅಜ್ಜಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ಇನ್ನೂ ತಣ್ಣಗೇ ಅದೆ ಕಣಪ್ಪ. ಎಳೇ ಕೂಸು, ದಾರೀಲಿ ನಿಂತ್ಬುಟ್ರೆ?"

ಅದೇ ಬಾನೆಟ್ಟಿನ ಮೇಲೆ ನಾನು ಆಗಷ್ಟೇ ಕೈ ಕಾಸಿಕೊಂಡಿದ್ದೆ. ಅಂಗೈ ಇನ್ನೂ ಬೆಚ್ಚಗಿತ್ತು.

ರಾಜಣ್ಣ ಆಕೆಯ ಮುಖವನ್ನೇ ನೋಡಿದ. "ಹೂಂ, ಇನ್ನೂ ವಸಿ ಬೇಕು," ಎಂದ.

"ಎಮ್ಮೆ ಮೇಲೆ ಹೊರಟಿದ್ರೂ ಇಷ್ಟೊತ್ತಿಗೆ ಊರು ದಾಟ್ತಿದ್ವು ಕಣ್ರೀ!" ಎಂದು ಅಳಿಯ ರೇಗಿದರು.

ರಾಜಣ್ಣ ಇಳಿದು ಬಾನೆಟ್ ಎತ್ತಿದ. ಒಳಗೆ ಯಾವುದನ್ನೂ ಮುಟ್ಟದೆ, ತಲೆ ಬಗ್ಗಿಸಿ ನಿಂತೇ ಇದ್ದ. ಅಳಿಯ ಗಡಿಯಾರ ನೋಡಿಕೊಂಡರು.

"ಹೋಯ್ತು. ರಾಹುಕಾಲ ಬಂದ್ಬುಡ್ತು. ಇನ್ನು ಅದು ಕಳೆಯೋವರ್ಗೂ ಹೊರಡಂಗಿಲ್ಲ."

ರಾಜಣ್ಣ ಎಂಜಿನ್ ಆರಿಸಿದ. ಅಜ್ಜಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಿರಬಿರನೆ ಒಳಗೆ ನಡೆದರು. "ಎಲ್ರೂ ಇಳೀರಿ, ದೋಸೆ ಉಯ್ತೀನಿ," ಎಂಬ ದನಿ ಅಡುಗೆಮನೆಯಿಂದ ಕೇಳಿಸಿತು.