ಭಾನುವಾರದ ಮಾತ್ರೆ

ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ರಾಜಗೋಪಾಲನಗರದ ನಮ್ಮ ಮನೆಯ ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಬೀದಿಯವರಿಗೆಲ್ಲ ಬಿಪಿ ನೋಡುತ್ತಿದ್ದೆ. ಮಾತ್ರೆ ಒಂದು ದಿನವೂ ತಪ್ಪಬಾರದು ಎಂಬುದು ನನ್ನ ಕಟ್ಟಪ್ಪಣೆ.

ಎದುರು ವಠಾರದಲ್ಲಿ ರಾಯಚೂರು ಕಡೆಯ ಹೆಂಗಸೊಬ್ಬಳಿದ್ದಳು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಅವಳ ತಾಯಿ ಬಿಪಿ ಏರಿಯೇ ಲಕ್ವ ಹೊಡೆದು ಮಲಗಿದ್ದಳು. ಸರ್ಕಾರಿ ಆಸ್ಪತ್ರೆಯ ಮಾತ್ರೆಯಿದ್ದರೂ ಇವಳ ಬಿಪಿ ಇಳಿಯುತ್ತಿರಲಿಲ್ಲ. ಒಮ್ಮೆ ಗದರಿದೆ.

"ದಿನಾ ತಗೋತೀಯೋ ಇಲ್ವೋ, ನಿಜ ಹೇಳು."

"ಭಾನುವಾರ ಅಷ್ಟ ತಗೋತೀನ್ರಿ ಮೇಡಂ. ಅದನ್ನ ತಗೊಂಡ್ರ ಮ್ಯಾಲಿಂದ ಮ್ಯಾಲ ಒಂದಕ್ಕ ಹೋಗ್ಬೇಕ್ರಿ. ಎರಡನೇ ಸಲ ಎದ್ರ ಸೂಪರ್‌ವೈಸರ್, 'ಮಿಷನ್ ನಿಮ್ಮಪ್ಪ ತುಳೀತಾನಾ' ಅಂತಾನ್ರಿ. ನೀರು ಕುಡಿಯೂದೂ ಬಿಟ್ಟೀನಿ."

"ಸಂಜೆ ಮನೆಗೆ ಬಂದ್ಮೇಲೆ ತಗೋ."

"ವಠಾರದ ಕಕ್ಕಸು ಹಿತ್ತಲದಾಗೈತ್ರಿ. ರಾತ್ರಿ ಲೈಟಿಲ್ಲ, ಕುಡುಕರು ಕುಂತಿರ್ತಾರ."

ಡಾಕ್ಟರ ಹತ್ತಿರ ಬೇರೆ ಮಾತ್ರೆ ಬರೆಸಿಕೋ ಎಂದೆ. ಆದರೆ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೂ ಅವಳ ಹಾಗೆ ಭಾನುವಾರವೇ ರಜೆ. ಬೇರೆ ದಿನ ರಜೆ ಹಾಕಿದರೆ ಕೆಲಸ ಹೋಗುವ ಭಯ. ಮಾತ್ರೆ ಬದಲಿಸಿ ಕೊಡುವ ಅಧಿಕಾರ ನರ್ಸಿಗಿಲ್ಲ.

"ನೀವ ಒಂದು ಹೊತ್ತು ಹೇಳ್ರಿ ಮೇಡಂ, ಅವಾಗ ತಗೋತೀನಿ" ಎಂದು ಅವಳು ನನ್ನ ಮುಖವನ್ನೇ ನೋಡಿದಳು.

ಅವಳು ಏಳುವುದರಿಂದ ಮಲಗುವವರೆಗಿನ ದಿನವನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದೆ. ಕೊನೆಗೆ, ಉಪ್ಪು ಕಡಿಮೆ ಮಾಡು ಎಂದೆ.

"ಅದನ್ನ ಎಂದೋ ಬಿಟ್ಟೀನ್ರಿ" ಎನ್ನುತ್ತಾ ರವಿಕೆಯ ತೋಳು ಸರಿಪಡಿಸಿಕೊಂಡು ಎದ್ದಳು.