ಒಣಗುವ ಮುಂಚಿನ ಹಳದಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪೇಂಟರ್ ಮಾಮ ತಮ್ಮ ಮನೆಯ ಅಡುಗೆಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಹಳೆಯ ಲೋಟದಲ್ಲಿ ಹಳದಿ ಬಣ್ಣ, ಕೈಯಲ್ಲಿ ಕೂದಲುದುರಿದ ಬ್ರಶ್ಶು. ಅಂಗೈಯಗಲ ಬಳಿದು, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡುತ್ತಾರೆ.

"ಊರೋರ ಮನೆಗಳೆಲ್ಲ ಫಳಫಳ, ನಮ್ಮನೆ ಗೋಡೆಗೆ ಮಾತ್ರ ಚರ್ಮರೋಗ. ಈ ಗೋಡೆ ಮುಗಿಯೋದು ಯಾವಾಗ, ನೀವಾದ್ರೂ ಕೇಳಿ," ಎಂದು ಅವರ ಮಗಳು ಒಲೆಯ ಮುಂದಿನಿಂದ ನನಗೆ ದೂರು ಕೊಡುತ್ತಾಳೆ. ಅವಳ ಮಾತು ಸುಳ್ಳಲ್ಲ. ಗೋಡೆಯ ಕೆಳಗಿನ ಅರ್ಧ ಮಾಸಿದ ಹಳದಿ. ಮೇಲಿನ ಅರ್ಧ ಬರೀ ಬಿಳಿ ಸುಣ್ಣ, ಅದರ ಮೇಲೆ ಲೆಕ್ಕವಿಲ್ಲದಷ್ಟು ಹಳದಿ ತೇಪೆಗಳು.

ಬೀದಿಗೆಲ್ಲ ಅವರು ಪೇಂಟರ್ ಮಾಮ. ಮೀಸೆ ಮೂಡುವ ಮೊದಲೇ ಏಣಿ ಹತ್ತಿದವರು. ಈಗ ಮೊಣಕಾಲು ತಕರಾರು ತೆಗೆದರೂ ದಿನಕ್ಕೊಂದು ಕೋಣೆಗೆ ಒಂದು ಕೋಟ್ ಮುಗಿಸದೆ ಕೆಳಗಿಳಿಯುವುದಿಲ್ಲ. ಕಳೆದ ತಿಂಗಳು ನಮ್ಮ ಮನೆಗೆ ಬಣ್ಣ ಹೊಡೆಯಲು ಕರೆದಾಗ ಗೋಡೆ ತಟ್ಟಿ ನೋಡಿ, ಮೊದಲು ಪೈಪು ಸರಿಮಾಡಿಸಿ ಎಂದರು. ಹೊಸ ಬಣ್ಣ ಕಂಡು ನಾನು ಮುಖ ಕಿವುಚಿದರೆ, "ಒಣಗಲಿ ಸಾರ್. ಒದ್ದೆ ಗೋಡೆ ಸುಳ್ಳು ಹೇಳುತ್ತೆ," ಎಂದರು. ಅವರದು ಒಂದೇ ಷರತ್ತು: ಡಬ್ಬಿಯ ತಳದಲ್ಲಿ ಹಳದಿ ಉಳಿದರೆ ತಮಗೆ ಕೊಡಬೇಕು. ಬೇರೆ ಬಣ್ಣ ಬೇಡ. ಆ ಹಳದಿ ಯಾಕೆಂಬ ಕುತೂಹಲಕ್ಕೇ ನಾನಿಂದು ಇಲ್ಲಿಗೆ ಬಂದದ್ದು.

ಕೆಳಗಿನ ಅರ್ಧ ಬಳಿದದ್ದು ಅವರ ಹೆಂಡತಿ. ಮಾಮ ಗೋಡೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

"ಊರಿಗೆಲ್ಲ ಬಣ್ಣ ಹೊಡೀತೀರ, ನಮ್ಮ ಅಡುಗೆಮನೆ ಮಸಿ ಹಿಡಿದು ಕೂತಿದೆ ಅಂತ ಬೈದು, ಇದ್ದಬದ್ದ ಡಬ್ಬಿಯೆಲ್ಲ ಸುರಿದು ಅವಳೇ ಕಲಸಿದ್ಲು. ಕೈಗೆ ಎಟುಕಿದಷ್ಟು ಬಳಿದು, ಮೇಲಿಂದು ನೀವು ಬಂದು ಮುಗಿಸಿ ಅಂದ್ಲು. ನಾನು ಪರವೂರಿನ ಕೆಲಸಕ್ಕೆ ಬಸ್ ಹಿಡಿಯೋ ಗಡಿಬಿಡೀಲಿದ್ದೆ. ಬಾಗಿಲಲ್ಲಿ ನಿಂತು ಒಂದ್ಸಲ ನೋಡಿದೆ, ಅಷ್ಟೇ. ವಾಪಸ್ ಬರೋಷ್ಟರಲ್ಲಿ ಅವಳು ಆಸ್ಪತ್ರೆ ಸೇರಿದ್ಲು. ಮನೆಗೆ ಬರಲೇ ಇಲ್ಲ."

ಬಣ್ಣದಂಗಡಿಯಲ್ಲಿ ಹೊಂದಿಸಿಕೊಡುವ ಮೆಷಿನ್ ಇದೆಯಲ್ಲ ಎನ್ನುತ್ತೇನೆ.

"ಗೋಡೆ ಕೆರೆದು ಒಂದು ಚಕ್ಕೆ ಒಯ್ದಿದ್ದೆ ಸಾರ್. ಪಕ್ಕಾ ಹಾಗೇ ಮಾಡಿಕೊಟ್ರು. ಗೋಡೆಗೇನೋ ಹೊಂದ್ತು. ಆದ್ರೆ ನಾನು ಅವತ್ತು ನೋಡಿದ್ದು ಅದಲ್ಲ."

ಕಿಟಕಿಯಿಂದ ಬಿಸಿಲು ಒಳಗೆ ಬರುತ್ತದೆ. ಈಗಷ್ಟೇ ಬಳಿದ ತೇಪೆ ಹೊಳೆಯುತ್ತದೆ. "ಇದೇ," ಎನ್ನುತ್ತಾರೆ ಮಾಮ, ಮೆಲ್ಲಗೆ. ಗೊಣಗುತ್ತಿದ್ದ ಮಗಳು ಸೌಟು ಹಿಡಿದುಕೊಂಡೇ ಬಂದು ಅಪ್ಪನ ಪಕ್ಕ ನಿಲ್ಲುತ್ತಾಳೆ. ನೋಡನೋಡುತ್ತಲೇ ತೇಪೆಯ ಅಂಚು ಒಣಗುತ್ತದೆ, ಆಮೇಲೆ ನಡುಭಾಗ. ಅದೂ ಉಳಿದ ತೇಪೆಗಳ ಸಾಲಿಗೆ ಸೇರುತ್ತದೆ. ಮಗಳು ಒಲೆಗೆ ಮರಳುತ್ತಾಳೆ.

ಸುಮ್ಮನಿರಲಾಗದೆ ಕೇಳಿಯೇಬಿಡುತ್ತೇನೆ: "ಮಾಮ, ಅವತ್ತು ನೀವು ನೋಡಿದ್ದು ಒದ್ದೆ ಗೋಡೆ ಅಲ್ವಾ?"

"ಗೊತ್ತು ಸಾರ್. ಇಷ್ಟು ವರ್ಷದ ಕಸುಬು, ಅಷ್ಟೂ ಗೊತ್ತಾಗಲ್ವಾ? ಯಾವ ಹಳದಿ ತಂದ್ರೂ ಒಣಗಿದ ಮೇಲೆ ಅದು ಸಿಗಲ್ಲ."

ನಲ್ಲಿಯ ಕೆಳಗೆ ಬ್ರಶ್ಶು ತೊಳೆದು, ನೀರು ಒದರಿ, ನಾಳೆಗೆಂದು ಕಿಟಕಿಯಲ್ಲಿಡುತ್ತಾರೆ.

"ಆದ್ರೆ ಒಣಗೋ ತನಕ, ಅವಳು ಈಗ ತಾನೇ ಕೈ ತೊಳ್ಕೊಳ್ಳೋಕೆ ಹೋಗಿರೋ ಹಾಗಿರುತ್ತೆ."