ನನ್ನ ಹುಬ್ಬಿನವರೆಗೆ ನೀರು

ಸಂಜೆ ನಾಲ್ಕೂ ಇಪ್ಪತ್ತು. ನಡುಮನೆಯ ಗಡಿಯಾರ ಐದು ನಿಮಿಷ ಮುಂದಿದ್ದುದರಿಂದ ಅದರಲ್ಲಿ ನಾಲ್ಕೂ ಇಪ್ಪತ್ತೈದು. ಸಂಪಿನ ಮುಚ್ಚಳ ಸರಿಸುವಾಗ ಕಿಟಕಿಯಿಂದ ಅದನ್ನು ನೋಡಿದ್ದೆ. ಇಂದಿಗೂ ಆ ಹೊತ್ತಾದರೆ ತಲೆಯೆತ್ತಿ ಗಡಿಯಾರ ನೋಡುತ್ತೇನೆ.

ಆ ದಿನಗಳಲ್ಲಿ ಚಾಮರಾಜಪೇಟೆಯ ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ನೀರು ಅಂಗಳದ ನೆಲದಡಿಯ ಸಂಪಿಗೆ ಇಳಿಯುತ್ತಿತ್ತು. ಎಷ್ಟು ತುಂಬಿದೆ ಎಂದು ನೋಡುವ ಕೆಲಸ ನನ್ನದು. ಬಿದಿರು ಕೋಲನ್ನು ತಳ ಮುಟ್ಟುವವರೆಗೆ ಇಳಿಸಿ, ಮೇಲೆತ್ತಿ, ಒದ್ದೆಯಾದ ಗುರುತನ್ನು ನನ್ನ ಮೈಗೆ ಹಿಡಿದು ನೋಡುತ್ತಿದ್ದೆ. "ನೀರೆಷ್ಟು?" ಎಂದು ಅಪ್ಪ ಒಳಗಿನಿಂದ ಕೇಳಿದರೆ "ಸೊಂಟದವರೆಗೆ", "ಎದೆಮಟ್ಟ" ಎಂದು ಕೂಗುತ್ತಿದ್ದೆ. ಬಟ್ಟೆ ಒಗೆಯಬಹುದೋ ಇಲ್ಲವೋ ಎಂಬುದು ಅದರ ಮೇಲೆ ನಿರ್ಧಾರವಾಗುತ್ತಿತ್ತು. "ನೀನು ಬೆಳೀತಾ ಹೋದ ಹಾಗೆಲ್ಲ ನಮ್ಮನೆ ನೀರು ಕಮ್ಮಿ ಆಗ್ತಾ ಹೋಗುತ್ತೆ ನೋಡು" ಎಂದು ಅಪ್ಪ ನಗುತ್ತಿದ್ದರು.

ನನಗೆ ಹತ್ತು ವರ್ಷವಾಗಿದ್ದ ಬೇಸಿಗೆ ರಜೆಯಲ್ಲಿ ಅತ್ತೆ ತಮ್ಮ ಮಗಳು ಅನುವನ್ನು ಕರೆದುಕೊಂಡು ಶಾಂಘೈಯಿಂದ ಬಂದರು. ಮಾವನಿಗೆ ಅಲ್ಲಿ ಕೆಲಸ. ಅನುವಿಗೆ ಆರೂವರೆ. ನೀನೆಷ್ಟು ಎತ್ತರ ಎಂದು ಕೇಳಿದರೆ ನಾನು ನಾಲ್ಕು ಅಡಿ ಐದು ಇಂಚು ಎನ್ನುತ್ತಿದ್ದೆ. ಅವಳು ಒಂದು ಮೀಟರ್ ಹದಿನೆಂಟು ಎನ್ನುತ್ತಿದ್ದಳು. ಅಲ್ಲಿ ಮಕ್ಕಳಿಗೆ ಟಿಕೆಟ್ ಬೇಕೋ ಬೇಡವೋ ಎಂದು ತಿಳಿಯಲು ವಯಸ್ಸು ಕೇಳುವುದಿಲ್ಲವಂತೆ. ಗೋಡೆಯ ಮೇಲೆ ಒಂದು ಮೀಟರ್ ಇಪ್ಪತ್ತಕ್ಕೆ ಗೆರೆ ಎಳೆದಿರುತ್ತಾರಂತೆ, ಅದರ ಕೆಳಗೆ ನಿಂತರೆ ಪುಕ್ಕಟೆ. ಗೆರೆ ಹತ್ತಿರವಾಗುತ್ತಿದ್ದುದರಿಂದ ಅವಳು ಮೊಣಕಾಲು ಒಂಚೂರು ಬಾಗಿಸಿ ನಿಲ್ಲುವುದನ್ನು ಕಲಿತಿದ್ದಳು. ಆ ಭಂಗಿಯನ್ನು ನನಗೂ ಕಲಿಸಿದಳು. ವಯಸ್ಸನ್ನೇ ಕೇಳದ ದೇಶವೊಂದಿದೆ ಎಂಬುದು ನನಗೆ ಎಷ್ಟೋ ದಿನ ಬೆರಗಾಗಿ ಉಳಿಯಿತು.

ಅಂದು ಅಮ್ಮ ಮತ್ತು ಅತ್ತೆ ತಾರಸಿಯಲ್ಲಿ ಒಣಗಿದ ಸಂಡಿಗೆ ಎತ್ತುತ್ತಿದ್ದರು. ಅಜ್ಜಿ ಒಳಗೆ ಮಲಗಿದ್ದರು. ನಾವಿಬ್ಬರೂ ಕುಂಟೆಬಿಲ್ಲೆ ಆಡಿ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು ಮುಗಿಸಿದ್ದೆವು. ಅಮ್ಮನ ಹೊಲಿಗೆ ಟೇಪು ತಂದು ಅವಳನ್ನು ಗೋಡೆಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಹದಿನೆಂಟೇ. ಆಮೇಲೆ ನಮ್ಮ ಮನೆಯ ಅಳತೆಯನ್ನೂ ತೋರಿಸೋಣ ಎನ್ನಿಸಿತು. ಮುಚ್ಚಳ ಸರಿಸಿ, ಕೋಲು ಇಳಿಸಿ, ಎತ್ತಿ ತಂದು ಗೋಡೆಗೆ ಒರಗಿಸಿದೆ. ನಾನು ಪಕ್ಕದಲ್ಲಿ ನಿಂತೆ: ಒದ್ದೆ ಸರಿಯಾಗಿ ನನ್ನ ಹುಬ್ಬಿನವರೆಗಿತ್ತು. ಟೇಪಿನಲ್ಲಿ ಒಂದು ಮೀಟರ್ ಇಪ್ಪತ್ತೈದು.

"ಅಂದ್ರೆ ನಾನು ನೀರಿಗಿಂತ ಕುಳ್ಳಿ" ಎಂದು ಅನು ನಕ್ಕಳು. ಗೋಡೆಯ ಮೇಲಿನ ತನ್ನ ಗೆರೆಯನ್ನೂ ಕೋಲಿನ ಒದ್ದೆಯನ್ನೂ ಒಟ್ಟಿಗೆ ನೋಡಲು ಎರಡು ಹೆಜ್ಜೆ ಹಿಂದೆ ಹೋದಳು.

ನಾನು ಮುಚ್ಚಳ ಮುಚ್ಚಿರಲಿಲ್ಲ.

ದೊಡ್ಡ ಸದ್ದೇನೂ ಆಗಲಿಲ್ಲ. ತುಂಬಿದ ಬಿಂದಿಗೆ ಬಾವಿಗೆ ಬಿದ್ದಷ್ಟೇ. ಕೋಲು ಇಳಿಸಿದೆ, ಅವಳು ಹಿಡಿಯಲಿಲ್ಲ. ಕ್ಲೋರಿನ್ ವಾಸನೆಯ ಕತ್ತಲಲ್ಲಿ ಅವಳ ಹಳದಿ ಫ್ರಾಕು ಅರಳಿ ನಿಂತಿತ್ತು. ನನ್ನ ಕೂಗಿಗೆ ಮೊದಲು ಬಂದವಳು ಗೇಟಿನ ಹತ್ತಿರವಿದ್ದ ಹೂವಿನ ಜಯಮ್ಮ. ದಿನವೂ ಆ ಹೊತ್ತಿಗೆ ಬುಟ್ಟಿ ಹೊತ್ತು ಬರುವವಳು, ನಮ್ಮ ಬೀದಿಯಲ್ಲೇ ಅತಿ ಗಿಡ್ಡ ಹೆಂಗಸು. ಬುಟ್ಟಿಯನ್ನು ಬಿಸಾಕಿ ಓಡಿಬಂದು ಒಳಗೆ ಬಗ್ಗಿ ನೋಡಿದಳು.

"ಎಷ್ಟು ಆಳ ಐತೆ?"

"ಒಂದು ಮೀಟರ್ ಇಪ್ಪತ್ತೈದು."

"ಅದೆಲ್ಲ ನಂಗೆ ತಿಳಿಯಲ್ಲ ಕಣವ್ವ. ನಿಂಗೆ ಎಲ್ಲಿಗ್ ಬರುತ್ತೆ?"

ನಾನು ಹುಬ್ಬು ಮುಟ್ಟಿಕೊಂಡೆ. ಜಯಮ್ಮ ನನ್ನ ಪಕ್ಕಕ್ಕೆ ಬಂದು ನಿಂತು, ಅಂಗೈಯನ್ನು ನನ್ನ ಹುಬ್ಬಿಗೆ ಒತ್ತಿ, ಹಾಗೇ ನೇರವಾಗಿ ತನ್ನ ಕಡೆಗೆ ಎಳೆದುಕೊಂಡಳು. ಅದು ಅವಳ ಗದ್ದದ ಕೆಳಗೆ, ತಾಳಿಯ ದಾರದ ಮೇಲೆ ಬಂದು ನಿಂತಿತು. "ನಿಲ್ತೀನಿ" ಎಂದಳು. ಸಂಪಿನ ಅಂಚಿನಲ್ಲಿ ಕೂತು ಜಾರಿದಳು.

ನೀರು ಅವಳ ಗದ್ದ ಮುಟ್ಟಿತು. ಅಷ್ಟೇ. ಎರಡೂ ಕೈಯಲ್ಲಿ ಅನುವನ್ನು ಎತ್ತಿ ತಲೆಯ ಮೇಲೆ ಬುಟ್ಟಿ ಹಿಡಿದಂತೆ ಹಿಡಿದಳು. ಅಷ್ಟರಲ್ಲಿ ಅಮ್ಮ, ಅತ್ತೆ ಇಳಿದು ಬಂದಿದ್ದರು. ಎಲ್ಲರೂ ಸೇರಿ ಮಗುವನ್ನು ಎಳೆದುಕೊಂಡೆವು. ಅತ್ತೆ ಅವಳನ್ನು ಮಗ್ಗುಲಿಗೆ ಮಲಗಿಸಿ ಬೆನ್ನು ತಟ್ಟಿದರು. ಅನು ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಆಮೇಲೆ ಅತ್ತಳು. ಅಷ್ಟು ಇಂಪಾದ ಅಳುವನ್ನು ನಾನು ಮತ್ತೆ ಕೇಳಿಲ್ಲ. ಅತ್ತೆ ಅವಳನ್ನು ಆಟೋದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಓಡಿದರು. ಪಕ್ಕದ ಮನೆಯವರ ಏಣಿಯಲ್ಲಿ ಜಯಮ್ಮ ಮೇಲೆ ಬಂದಳು. ನಿಂಗೆ ಈಜು ಬರುತ್ತಾ ಎಂದು ಅಜ್ಜಿ ಕೇಳಿದರು.

"ಬಳೇಪೇಟೆ ಗಲ್ಲೀಲಿ ಹುಟ್ಟಿದೋಳು ನಾನು. ಈಜೆಲ್ಲಿಂದ ಬರಬೇಕು ಅಮ್ಮಾವ್ರೇ" ಎಂದಳು, ಸೀರೆಯ ನೀರು ಹಿಂಡುತ್ತ.

ನನ್ನನ್ನು ಯಾರೂ ಹೊಡೆಯಲಿಲ್ಲ. ಅದೇ ಕಷ್ಟವಾಯಿತು. ರಾತ್ರಿ ಮಲಗಿದರೆ ನಿದ್ದೆ ಬರದೆ ನನ್ನ ಬೆರಳು ಹುಬ್ಬಿಗೆ ಹೋಗುತ್ತಿತ್ತು. ಕೋಲಿನ ಗುರುತನ್ನು ನಾನು ತಪ್ಪಾಗಿ ನೋಡಿದ್ದರೆ? ನಿಜಕ್ಕೂ ನೀರು ಇನ್ನೂ ನಾಲ್ಕು ಬೆರಳು ಹೆಚ್ಚಿದ್ದರೆ? ಮಗುವಿನ ಜೊತೆ ಅವಳೂ ಹೋಗುತ್ತಿದ್ದಳು. ಹುಬ್ಬಿನಿಂದ ಆ ತಾಳಿಯ ದಾರದವರೆಗೆ ಅಂಗೈ ಸಾಗಿದ ದಾರಿಯನ್ನು ಸಾವಿರ ಸಲ ಅಳೆದಿದ್ದೇನೆ. ಈಗಲೂ ಅಳೆಯುತ್ತೇನೆ.

ಈಗ ನಮ್ಮ ಸಂಪಿಗೆ ಸೆನ್ಸರ್ ಇದೆ. ಎಷ್ಟು ನೀರಿದೆ ಎಂದು ಅಪ್ಪನ ಫೋನು ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಅರವತ್ತೆರಡು ಎಂದರೆ ಯಾರ ಎದೆ, ಯಾರ ಕುತ್ತಿಗೆ ಎಂದು ಅದಕ್ಕೆ ಗೊತ್ತಿಲ್ಲ. ಬಿದಿರು ಕೋಲು ಎಲ್ಲಿ ಹೋಯಿತೋ. ಜಯಮ್ಮ ತೀರಿಕೊಂಡು ನಾಲ್ಕು ವರ್ಷ. ಹೂವು ಈಗ ಪ್ಯಾಕೆಟ್ಟಿನಲ್ಲಿ ತೂಕಕ್ಕೆ ಬರುತ್ತದೆ. ಅವಳು ಎಷ್ಟು ಎತ್ತರ ಇದ್ದಳು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಅಂಕಿಯಿಲ್ಲ. ಆ ನೀರಿಗಿಂತ ಒಂದು ಮುಖದಷ್ಟು ಎತ್ತರ.

ಆ ಬೇಸಿಗೆಯಲ್ಲೇ, ಅನು ಬಿದ್ದ ಹತ್ತನೆಯ ದಿನ ಶುಕ್ರವಾರ. ಮಗುವಿನಷ್ಟೇ ಉದ್ದದ ಮಲ್ಲಿಗೆ ಹಾರ ಹಾಕಿಸುತ್ತೇನೆಂದು ಅಜ್ಜಿ ಅಣ್ಣಮ್ಮ ದೇವಿಗೆ ಹರಕೆ ಹೊತ್ತಿದ್ದರು. ಜಯಮ್ಮ ಬಂದು, ಅನುವನ್ನು ನಿಲ್ಲಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ನೂಲು ಹಿಡಿದು ತನ್ನ ಮೊಣಕೈಗೆ ಹಾಕಿ ಅಳೆದಳು.

"ಮೂರು ಮೊಳಕ್ಕೆ ನಾಲ್ಕು ಬೆರಳು ಕಮ್ಮಿ. ಮೂರೇ ಕಟ್ತೀನಿ ಬಿಡಿ, ಬೆಳೆಯೋ ಕೂಸು."

ನೀನೆಷ್ಟು ಮೊಳ ಎಂದು ಅನು ಕೇಳಿದಳು. ಜಯಮ್ಮ ತನ್ನನ್ನೇ ಅಳೆದುಕೊಂಡಳು: ಮೂರೂವರೆ. ಅಜ್ಜಿ ನಕ್ಕು, ಯಾವ ದೇಶದವರಾದರೂ ಅಷ್ಟೇ, ಅವರವರ ಕೈಗೆ ಅವರವರು ಮೂರೂವರೆ ಮೊಳ ಎಂದರು. ಅನು ನಂಬಲಿಲ್ಲ. ತನ್ನೆತ್ತರಕ್ಕೆ ಹಿಡಿದಿದ್ದ ನೂಲನ್ನು ಕಸಿದುಕೊಂಡು ತನ್ನ ಪುಟ್ಟ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆಯುತ್ತ ಹೋದಳು. ಒಂದು, ಎರಡು, ಮೂರು. ಉಳಿದ ಅರ್ಧ ಮೊಳದ ತುಂಡನ್ನು ಎತ್ತಿ ಹಿಡಿದು ನನ್ನನ್ನು ನೋಡಿದಳು.

"ಅಕ್ಕಾ, ನಾನೂ ಜಯಮ್ಮನಷ್ಟೇ."

ಈ ಸಲ ಅವಳು ಮೊಣಕಾಲು ಬಾಗಿಸಿರಲಿಲ್ಲ. ಆ ರಾತ್ರಿ ನಾನು ಒಮ್ಮೆಯೂ ಎಚ್ಚರವಾಗದೆ ಬೆಳಗಿನವರೆಗೂ ಮಲಗಿದೆ.